ಅಜ್ಜಿ ಕೇಳಿದ ಪ್ರಶ್ನೆ ವರದಿಯಲ್ಲಿ ಬರಲಿಲ್ಲ. ಇದರ ಮೇಲೆ ಪಿಎಚ್‌ಡಿ ಮಾಡಬಹುದಾ?

ಉಪ್ಪಾರಹಳ್ಳಿ_ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವಳು, ಮನೆ ಉಪ್ಪಾರಹಳ್ಳಿಯಲ್ಲಿ. ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಮೈಸೂರಿನಲ್ಲಿ ನಗರ ಯೋಜನೆಯಲ್ಲಿ ಎಂ.ಟೆಕ್ ಮಾಡಿದೆ. ಮೂರು ವರ್ಷದಿಂದ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯಲ್ಲಿ ಕೆಲಸ. ದಿನಾ ರೈಲಿನಲ್ಲಿ ಓಡಾಟ.

ನನ್ನ ಕೆಲಸದಲ್ಲಿ ಒಂದು ಭಾಗ ‘ಸಾರ್ವಜನಿಕ ಸಮಾಲೋಚನೆ’. ರಸ್ತೆ, ಚರಂಡಿ, ಮಾರುಕಟ್ಟೆ ಹೀಗೆ ಯಾವುದಾದರೂ ಯೋಜನೆ ಬಂದಾಗ ಜನರನ್ನು ಕರೆದು ಕೇಳಬೇಕು, ಅವರು ಹೇಳಿದ್ದನ್ನು ವರದಿಯಲ್ಲಿ ಸೇರಿಸಬೇಕು. ಆ ಅಧ್ಯಾಯ ಬರೆಯುವವಳು ನಾನು.

ಹೋದ ವರ್ಷ ನಮ್ಮ ಜಿಲ್ಲೆಯದೇ ಒಂದು ಪಟ್ಟಣದಲ್ಲಿ ಸಭೆ ಇತ್ತು. ವಾರದ ದಿನ, ಬೆಳಿಗ್ಗೆ 11 ಗಂಟೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಸ್ಟೀಲ್ ತಟ್ಟೆಯಲ್ಲಿ ಬಿಸ್ಕತ್ತು. ಹಾಜರಿ ಪುಸ್ತಕದಲ್ಲಿ 43 ಸಹಿ ಬಿತ್ತು. ಅರ್ಧದಷ್ಟು ಜನ ಕಚೇರಿಯವರು, ಗುತ್ತಿಗೆದಾರರು, ಅವರ ಜೊತೆ ಬಂದವರು. ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದರು. ಸೆರಗು ಸೊಂಟಕ್ಕೆ ಸಿಗಿಸಿಕೊಂಡಿದ್ದರು, ಕೆಲಸದ ಮಧ್ಯೆ ಬಂದಿದ್ದರು ಅನ್ನಿಸುತ್ತೆ. ‘ಚರಂಡಿಗೆ ಕಾಂಕ್ರೀಟ್ ಹಾಕ್ತೀರ, ಹಾಕಿ. ಆದ್ರೆ ಕೆರೆ ಕೋಡಿ ಬಿದ್ರೆ ನೀರು ಎಲ್ಲಿಗೆ ಹೋಗ್ಬೇಕು? ಕೋಡಿ ಕಾಲುವೆ ಎಲ್ಲಿತ್ತು ಅಂತ ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ?’ ಅಂತ ಕೇಳಿದರು. ‘ನೋಡೋಣಮ್ಮ, ಕೂತ್ಕೊಳ್ಳಿ’ ಅಂದರು ವೇದಿಕೆ ಮೇಲಿದ್ದವರು.

ನಮ್ಮ ನಮೂನೆಯಲ್ಲಿ ಮೂರು ಕಾಲಂ: ಪ್ರಶ್ನೆ, ಉತ್ತರ, ಷರಾ (ಅಂದರೆ ಟಿಪ್ಪಣಿ). ಅಜ್ಜಿಯ ಪ್ರಶ್ನೆಯನ್ನು ಬರೆದು, ಷರಾದಲ್ಲಿ ‘ಗಮನಿಸಲಾಗಿದೆ’ ಅಂತ ಹಾಕಿದೆ. ಅಂತಿಮ ವರದಿ ಬರುವಷ್ಟರಲ್ಲಿ ಆ ಸಾಲೂ ಹೋಗಿ, ‘ಭಾಗವಹಿಸಿದವರು ಯೋಜನೆಗೆ ಸಹಮತ ಸೂಚಿಸಿದರು’ ಅಂತ ಒಂದೇ ವಾಕ್ಯ ಉಳಿಯಿತು. ಆ ವಾಕ್ಯ ಟೈಪ್ ಮಾಡಿದ್ದು ನಾನೇ. ಅವತ್ತಿನಿಂದ ಸಮಾಧಾನ ಇಲ್ಲ.

ಅಜ್ಜಿ ಹೇಳಿದ್ದು ಏನಾಯಿತು, ಯಾವ ಮೇಜಿನ ಮೇಲೆ ಬಿಟ್ಟುಹೋಯಿತು ಅನ್ನೋದನ್ನೇ ಓದಬೇಕು ಅಂತ ಆಸೆ. ಪಿಎಚ್‌ಡಿ ಮಾಡಬೇಕೆಂದಿದ್ದೇನೆ. ಅಪ್ಪನಿಗೆ ಮಂಡಿಪೇಟೆ ಹತ್ತಿರ ದಿನಸಿ ಅಂಗಡಿ. ‘ಓದಮ್ಮ, ಬೇಡ ಅನ್ನಲ್ಲ. ಆಮೇಲೆ ಏನು?’ ಅಂತಾರೆ. ನನಗೆ ಉತ್ತರ ಗೊತ್ತಿಲ್ಲ.

ಈ ವಿಷಯದಲ್ಲಿ ಪಾಠ, ಸಂಶೋಧನೆ ಅಂತ ಬದುಕೋಕೆ ಆಗುತ್ತಾ? ಇನ್ನೊಂದು, ಎಲ್ಲರೂ ಬೆಂಗಳೂರಿನ ಮೇಲೇ ಬರೆಯುತ್ತಾರೆ. ತುಮಕೂರಿನಂಥ ಊರನ್ನು ಆರಿಸಿಕೊಂಡರೆ ಯಾರಾದರೂ ಓದ್ತಾರಾ?

---

ಪ್ಲಾನಿಂಗ್_ಮೇಷ್ಟ್ರು:

ಅಪ್ಪ ಕೇಳಿದ ಪ್ರಶ್ನೆ ಸರಿಯಾಗಿದೆ, ಅದಕ್ಕೆ ಮೊದಲು ಉತ್ತರ ಹೇಳ್ತೀನಿ.

ಜೆಆರ್‌ಎಫ್ ಮಟ್ಟದ (ಸಂಶೋಧನೆ ಮಾಡುವವರಿಗೆ ಸರ್ಕಾರ ಕೊಡುವ) ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷ ಆದ ಮೇಲೆ 42,000. ಫೆಲೋಶಿಪ್ ಇಲ್ಲದೆ ಸೇರಬೇಡಿ. ಇದನ್ನು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಇವತ್ತಿನ ಸಂಬಳ ಬಿಟ್ಟು ಬರಿಗೈಯಲ್ಲಿ ಸೇರಿ, ಮಧ್ಯದಲ್ಲಿ ಬಿಟ್ಟವರನ್ನು ಜಾಸ್ತಿ ನೋಡಿದ್ದೇನೆ. ಆರಂಭದ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಏಳನೇ ವೇತನ ಆಯೋಗದ ಶ್ರೇಣಿ ಪ್ರಕಾರ 57,700. ಆದರೆ ಕಾಯಂ ಹುದ್ದೆ ಕಮ್ಮಿ, ಖಾಸಗಿ ಕಾಲೇಜಿನಲ್ಲಿ ಅಷ್ಟು ಕೊಡುವುದೂ ಕಮ್ಮಿ.

ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ಸಡಿಲಿಕೆ ಇದೆ, 240 ದಿನ ಹೆರಿಗೆ ರಜೆಯೂ ಸಿಗುತ್ತೆ. ಕೆಲಸದಲ್ಲಿದ್ದುಕೊಂಡೇ ಪಾರ್ಟ್ ಟೈಮ್ ಮಾಡಲೂ ಅವಕಾಶ ಇದೆ, ಕಂಪನಿಯಿಂದ ನಿರಾಕ್ಷೇಪಣಾ ಪತ್ರ ಬೇಕು.

ಎಲ್ಲಿ ಅಂತ ಕೇಳಿದರೆ: ದೆಹಲಿ, ಭೋಪಾಲ್, ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ, ಖರಗ್‌ಪುರ ಐಐಟಿ. ನಕ್ಷೆ, ಭೂಬಳಕೆ ಕಡೆ ಒಲವಿದ್ದರೆ ಇವು. ಆಡಳಿತ, ಜನ, ರಾಜಕೀಯದ ಕಡೆ ಒಲವಿದ್ದರೆ ಬೆಂಗಳೂರಿನ ನಾಗರಬಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ನೋಡಿ. 1972ರಲ್ಲಿ ಶುರುವಾದ ಸಂಸ್ಥೆ, ಗ್ರಂಥಾಲಯ ತುಂಬಾ ಚೆನ್ನಾಗಿದೆ. ನಿಮ್ಮ ಪ್ರಶ್ನೆ ಓದಿದರೆ ನೀವು ಎರಡನೇ ಕಡೆಯವರು ಅನ್ನಿಸುತ್ತೆ. ಗೈಡ್ ಹುಡುಕುವಾಗ ಅವರು ಕನ್ನಡದ ಕಡತ ಓದುತ್ತಾರಾ ಅಂತ ಕೇಳಿಕೊಳ್ಳಿ. ಸಣ್ಣ ವಿಷಯ ಅನ್ನಿಸಬಹುದು. ಮೂರನೇ ವರ್ಷದಲ್ಲಿ ಗೊತ್ತಾಗುತ್ತೆ.

---

ಗುಬ್ಬಿಗೇಟ್_ಅಕ್ಕ:

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಾನು ಗುಬ್ಬಿ ತಾಲ್ಲೂಕಿನವಳು, ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡಿ ಈಗ ಹದಿನೆಂಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಕೆಲಸ, ಸಂಬಳದ ಬಗ್ಗೆ ಮೇಷ್ಟ್ರು ಹೇಳಿದ್ದಾರೆ. ನಾನು ಕೆಲಸದ ಒಳಗೆ ಏನಿದೆ ಅಂತ ಹೇಳ್ತೀನಿ.

ಈ ಕ್ಷೇತ್ರಕ್ಕೆ ಬರುವವರೆಲ್ಲ ಮೊದಲು ಓದುವುದು ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಬರೆದ ಲೇಖನ. ಆಕೆ ಅಮೆರಿಕದ ಸರ್ಕಾರಿ ಕಾರ್ಯಕ್ರಮಗಳಲ್ಲಿ ಕೆಲಸ ಮಾಡಿದವರು. ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿ ಅಂದರು. ಕೆಳಗಿನ ಎರಡು ಮೆಟ್ಟಿಲಲ್ಲಿ ಪಾಲ್ಗೊಳ್ಳುವಿಕೆಯೇ ಇಲ್ಲ, ಜನರನ್ನು ಒಪ್ಪಿಸುವುದು, ಸಮಾಧಾನ ಮಾಡುವುದು ಅಷ್ಟೇ. ಮಧ್ಯದ ಮೂರರಲ್ಲಿ ಮಾಹಿತಿ ಕೊಡುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಒಂದಿಬ್ಬರನ್ನು ಸಮಿತಿಗೆ ಸೇರಿಸುತ್ತಾರೆ, ಆದರೆ ತೀರ್ಮಾನ ಬೇರೆಯವರದು. ಮೇಲಿನ ಮೂರರಲ್ಲಿ ಮಾತ್ರ ಜನರ ಕೈಯಲ್ಲಿ ಅಧಿಕಾರ ಇರುತ್ತೆ. ನಿಮ್ಮ 43 ಸಹಿಯ ಸಭೆ ಎಷ್ಟನೇ ಮೆಟ್ಟಿಲು ಅಂತ ನಿಮಗೇ ಗೊತ್ತಾಗುತ್ತೆ.

ನಾನೂ ಆ ಏಣಿ ಹಿಡಿದುಕೊಂಡೇ ಊರಿಗೆ ಹೋದೆ. ಆರು ತಿಂಗಳಲ್ಲಿ ಅದು ಸಾಲದು ಅಂತ ಗೊತ್ತಾಯಿತು. ಸಭೆಯಲ್ಲಿ ಬಾಯಿ ಬಿಡದ ಹೆಂಗಸು ಬೆಳಿಗ್ಗೆ 7 ಗಂಟೆಗೆ ಕೌನ್ಸಿಲರ್ ಮನೆ ಜಗುಲಿ ಮೇಲೆ ಕೂತಿರುತ್ತಾಳೆ. ನಲ್ಲಿ ವಿಷಯ ಅಲ್ಲೇ ಮಾತಾಡಿ ಮುಗಿಸುತ್ತಾಳೆ. ಏಣಿಯ ಲೆಕ್ಕದಲ್ಲಿ ಅವಳು ಎಲ್ಲೂ ಇಲ್ಲ. ನಮ್ಮ ಊರುಗಳಲ್ಲಿ ಪಾಲ್ಗೊಳ್ಳುವಿಕೆ ಅನ್ನೋದು ಶಾಮಿಯಾನದ ಕೆಳಗೂ ಇದೆ, ಜಗುಲಿ ಮೇಲೂ ಇದೆ. ಎರಡನ್ನೂ ನೋಡದೆ ಬರೆದರೆ ಅರ್ಧ ಸುಳ್ಳಾಗುತ್ತೆ.

ಒಂದು ದಿನದ ಕಥೆ ಹೇಳ್ತೀನಿ. ಒಂದು ಸಣ್ಣ ಪಟ್ಟಣದ ಕಾಲೊನಿ. ನಾನು ದೊಡ್ಡ ನಕ್ಷೆ ಹಿಡಿದು ಹೋಗಿದ್ದೆ. ನೆಲದ ಮೇಲೆ ಹಾಸಿದರೆ ಯಾರೂ ಬಗ್ಗಿ ನೋಡಲಿಲ್ಲ. ಅಕ್ಷರ ಇಂಗ್ಲಿಷು, ಬಣ್ಣ ಹಳದಿ, ನೀಲಿ, ನೇರಳೆ. ಹಳದಿ ಅಂದರೆ ವಾಸದ ಜಾಗ, ನೀಲಿ ವ್ಯಾಪಾರ, ನೇರಳೆ ಕಾರ್ಖಾನೆ ಅಂತ ನಮಗೆ ಬಾಯಿಪಾಠ. ಅವರಿಗೆ ಯಾಕೆ ಗೊತ್ತಿರಬೇಕು? ಒಬ್ಬ ರೈತ ಬಂದು ತನ್ನ ಸರ್ವೆ ನಂಬರ್ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಿದ. ಸಿಗಲಿಲ್ಲ, ಎದ್ದು ಹೋದ. ಕೊನೆಗೆ ಒಬ್ಬ ಹುಡುಗಿ ಮನೆಯಿಂದ ರಂಗೋಲಿ ಪುಡಿ ತಂದಳು. ‘ನಮ್ಮ ಬೀದಿ ನಾವೇ ಬರೀತೀವಿ’ ಅಂದಳು.

ಹೆಂಗಸರು ಮೊದಲು ಬರೆದದ್ದು ನಲ್ಲಿ. ಆಮೇಲೆ ಟ್ರಾನ್ಸ್‌ಫಾರ್ಮರ್. ಆಮೇಲೆ ಕತ್ತಲಾದ ಮೇಲೆ ಹೋಗಲು ಭಯ ಆಗುವ ತಿರುವು. ನನ್ನ ನಕ್ಷೆಯಲ್ಲಿ ದಪ್ಪ ಗೆರೆಯಾಗಿದ್ದ ಮುಖ್ಯ ರಸ್ತೆ ಕೊನೆಗೆ ಬಂತು, ಸಣ್ಣ ಗೆರೆಯಾಗಿ. ಆಮೇಲೆ ಪ್ರತಿ ಮನೆಯ ಗುರುತಿನ ಮೇಲೆ ಹುಣಸೆ ಬೀಜ ಇಟ್ಟರು, ದಿನಕ್ಕೆ ಎಷ್ಟು ಬಿಂದಿಗೆ ನೀರು ಸಿಗುತ್ತೆ ಅಂತ. ಬೀದಿಯ ಈ ತುದಿಯಲ್ಲಿ ಹನ್ನೆರಡು, ಹದಿಮೂರು ಬೀಜ. ಆ ತುದಿಯಲ್ಲಿ ನಾಲ್ಕು. ಕೊನೆಯ ಮನೆಯವಳು ನಾಲ್ಕರಲ್ಲಿ ಒಂದನ್ನು ಮತ್ತೆ ಎತ್ತಿಕೊಂಡಳು. ‘ಬೇಸಿಗೆಯಲ್ಲಿ ಮೂರೇ’ ಅಂದಳು. ಅಲ್ಲಿಗೆ ಬಂದ ಕಿರಿಯ ಎಂಜಿನಿಯರ್ ಮೊಣಕಾಲೂರಿ ಕೂತು ಬೀಜ ಎಣಿಸಿ ಡೈರಿಗೆ ಬರೆದುಕೊಂಡರು. ಪೈಪ್‌ನ ಇಳಿಜಾರು ಎಲ್ಲಿ ತಪ್ಪಿದೆ ಅಂತ ಅಲ್ಲೇ ಹೇಳಿದರು. ನನಗೆ ಆ ಮಧ್ಯಾಹ್ನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೂರು ತಿಂಗಳಿಗೆ ಅವರಿಗೆ ವರ್ಗಾವಣೆ ಆಯಿತು. ಹೊಸಬರಿಗೆ ಎಲ್ಲ ಮೊದಲಿನಿಂದ ಹೇಳಬೇಕಾಯಿತು. ಈ ಕೆಲಸದಲ್ಲಿ ಇದು ಇದ್ದದ್ದೇ. ನನ್ನ ಪಿಎಚ್‌ಡಿಯ ಎರಡು ವರ್ಷ ಹೀಗೇ ಹೋಯಿತು. ಕಡತ ಒಂದು ಕಡೆ, ಅದನ್ನು ಬಲ್ಲವರು ಇನ್ನೊಂದು ಊರಲ್ಲಿ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ‘ತುಮಕೂರಿನಲ್ಲಿ ಜನರ ಪಾಲ್ಗೊಳ್ಳುವಿಕೆ’ ಅಂತ ವಿಷಯ ಇಟ್ಟುಕೊಳ್ಳಬೇಡಿ, ಅದು ಎಂದೂ ಮುಗಿಯಲ್ಲ. ನಿಮ್ಮ ಹತ್ತಿರ ಅದಕ್ಕಿಂತ ಒಳ್ಳೆಯದು ಇದೆ: ಸಭೆಯಲ್ಲಿ ಆಡಿದ ಮಾತಿಗೂ ನಡಾವಳಿಯಲ್ಲಿ ಬರೆದ ಮಾತಿಗೂ ನಡುವೆ ಏನಾಗುತ್ತೆ? ಷರಾ ಕಾಲಂ ತುಂಬಿದ ಕೈ ನಿಮ್ಮದೇ. ಹೊರಗಿನಿಂದ ಬರುವ ಸಂಶೋಧಕರಿಗೆ ಆ ಕಾಲಂ ಇದೆ ಅಂತಲೂ ಗೊತ್ತಿರಲ್ಲ. ಹತ್ತು ಸಭೆ ಆರಿಸಿಕೊಳ್ಳಿ. ಪ್ರತಿ ಸಭೆಯಲ್ಲೂ ಕೂತು ಪೂರ್ತಿ ಬರೆದುಕೊಳ್ಳಿ. ಆಮೇಲೆ ನಡಾವಳಿ ತೆಗೆಸಿ ಪಕ್ಕದಲ್ಲಿಟ್ಟು ನೋಡಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಯಾವ ಮಾತು ಉಳಿಯಿತು, ಯಾವುದು ಹೋಯಿತು, ಹೋದದ್ದು ಯಾರ ಮಾತು. ಒಂದು ಪಿಎಚ್‌ಡಿಗೆ ಇಷ್ಟು ಸಾಕು. ಸಾಕು ಏನು, ಜಾಸ್ತಿಯೇ ಆಯಿತು.

ಒಂದು ಎಚ್ಚರಿಕೆ. ಕಂಪನಿಯಲ್ಲಿದ್ದಾಗ ಬರೆದುಕೊಂಡ ಟಿಪ್ಪಣಿಯನ್ನು ಪ್ರಬಂಧದಲ್ಲಿ ಬಳಸಬೇಡಿ. ಅದು ಅವರ ಕೆಲಸಕ್ಕೆ ಬರೆದದ್ದು, ಜನರೂ ನಿಮಗೆ ಸಂಶೋಧನೆಗೆ ಅಂತ ಒಪ್ಪಿಗೆ ಕೊಟ್ಟಿಲ್ಲ. ಹೊಸದಾಗಿ ಹೋಗಿ, ಯಾಕೆ ಬಂದೆ ಅಂತ ಹೇಳಿ, ಕೇಳಿ ಬರೆದುಕೊಳ್ಳಿ.

ತುಮಕೂರನ್ನು ಯಾರು ಓದ್ತಾರೆ ಅಂತ ಕೇಳಿದಿರಿ. 2016ರಲ್ಲಿ ಸ್ಪರ್ಧೆಯಲ್ಲಿ ಗೆದ್ದು ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರು ಇದು. ಆ ಸ್ಪರ್ಧೆಯಲ್ಲಿ ಗೆಲ್ಲಬೇಕಾದರೆ ನಾಗರಿಕರನ್ನು ಹೇಗೆ ಕೇಳಿದೆವು ಅಂತ ಪ್ರಸ್ತಾವದಲ್ಲೇ ತೋರಿಸಬೇಕಿತ್ತು. ಅಂದರೆ ಕಾಗದ ಇದೆ, ಅದರಲ್ಲಿ ಬರೆದ ರಸ್ತೆಗಳ ಮೇಲೆ ನೀವು ದಿನಾ ಓಡಾಡುತ್ತೀರಿ, ಕೇಳಿಸಿಕೊಂಡವರೂ ಕೇಳಿಸಿಕೊಳ್ಳದವರೂ ಅದೇ ಬೀದಿಯಲ್ಲಿದ್ದಾರೆ. ಇಂಥ ಅವಕಾಶ ಬೆಂಗಳೂರಲ್ಲಿ ಸಿಗಲ್ಲ, ಅಲ್ಲಿ ಊರು ಅಷ್ಟು ದೊಡ್ಡದು.

ಇನ್ನೊಂದು ವಿಷಯ ನನ್ನನ್ನು ಬಹಳ ವರ್ಷದಿಂದ ಕಾಡುತ್ತಿದೆ, ನೀವಾದರೂ ತೆಗೆದುಕೊಳ್ಳಿ. ಹಳ್ಳಿಯಲ್ಲಿ ಗ್ರಾಮ ಸಭೆ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಫಲಾನುಭವಿ ಪಟ್ಟಿ ಅಲ್ಲೇ ಓದಿ ಹೇಳಬೇಕು, ತಪ್ಪಿದ್ದರೆ ಎದ್ದು ಕೇಳಬಹುದು. ಗಲಾಟೆ ಆಗುತ್ತೆ, ಕೋರಂ ಇಲ್ಲ ಅಂತ ಮುಂದಕ್ಕೆ ಹೋಗುತ್ತೆ, ಎಲ್ಲ ಸರಿ. ಆದರೂ ಅದು ಇದೆ. ಕರ್ನಾಟಕ ಇದಕ್ಕೆ ಹೆಸರಾದ ರಾಜ್ಯ. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಪಂಚಾಯತ್ ಕಾಯ್ದೆ, 1987ರಲ್ಲಿ ಬಂದ ಜಿಲ್ಲಾ ಪರಿಷತ್ತು, ಇವೆಲ್ಲ ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿಗಿಂತ ಮೊದಲಿನವು. ಊರು ಬೆಳೆದು ಆ ಹಳ್ಳಿ ನಗರದ ಒಳಗೆ ಸೇರಿದ ದಿನ ಗ್ರಾಮ ಸಭೆ ಹೋಗಿಬಿಡುತ್ತೆ. ಅದರ ಜಾಗಕ್ಕೆ ವಾರ್ಡ್ ಸಮಿತಿ. ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ಆ ಸಮಿತಿಗೆ ಕಾರ್ಪೊರೇಟರ್ ಬಿಟ್ಟು ಹತ್ತು ಜನ. ಏರಿಯಾ ಸಭಾ (ವಾರ್ಡಿನ ಒಂದೊಂದು ಭಾಗದ ಮತದಾರರ ಸಭೆ) ಅಂತಲೂ 2011ರ ತಿದ್ದುಪಡಿಯಲ್ಲಿ ಬರೆದಿದ್ದಾರೆ. ನಿಮ್ಮ ಬೀದಿಯಲ್ಲಿ ಎಷ್ಟು ಜನ ಆ ಹೆಸರು ಕೇಳಿದ್ದಾರೆ, ಒಂದು ಸಲ ವಿಚಾರಿಸಿ ನೋಡಿ. ನಿನ್ನೆವರೆಗೂ ಎದ್ದು ಕೇಳುತ್ತಿದ್ದ ಮನುಷ್ಯ ಇವತ್ತು ಎಲ್ಲಿ ಹೋಗಿ ಕೇಳಬೇಕು? ತುಮಕೂರಿನ ಅಂಚಿನ ಹಳ್ಳಿಗಳಲ್ಲಿ ಇದನ್ನು ಓದುವವರು ಬೇಕು.

---

ಶಿರಾಗೇಟ್_ಹಣ್ಣಿನಗಾಡಿ:

ಅಕ್ಕಾ, ಮೇಡಂ, ನಮಸ್ಕಾರ. ನಾನು ಓದಿದ್ದು ಪಿಯುಸಿ. ಇಪ್ಪತ್ತು ವರ್ಷದಿಂದ ತಳ್ಳುವ ಗಾಡಿಯಲ್ಲಿ ಹಣ್ಣಿನ ವ್ಯಾಪಾರ. ಇಲ್ಲಿ ಬರೆಯಬಹುದಾ ಅಂತ ಯೋಚಿಸಿದೆ. ವಿಷಯ ನಮ್ಮದೇ, ಅದಕ್ಕೆ ಬರೀತಿದ್ದೀನಿ.

ಬೀದಿ ವ್ಯಾಪಾರಿಗಳಿಗೆ 2014ರಲ್ಲಿ ಕೇಂದ್ರದ ಕಾಯ್ದೆ ಬಂತು. ಅದರಲ್ಲಿ ಪಟ್ಟಣ ವ್ಯಾಪಾರ ಸಮಿತಿ ಅಂತ ಇದೆ. ಸಮಿತಿಯಲ್ಲಿ ಕಮ್ಮಿ ಅಂದರೂ ನೂರಕ್ಕೆ 40 ಜನ ವ್ಯಾಪಾರಿಗಳೇ ಇರಬೇಕು, ನಾವೇ ಆರಿಸಿ ಕಳಿಸಬೇಕು. ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸರ್ವೆ ಮುಗಿಸಿ ಸರ್ಟಿಫಿಕೇಟ್ ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಅಕ್ಕ ಹೇಳಿದ ಏಣಿಯಲ್ಲಿ ಇದು ಮೇಲಿನ ಮೆಟ್ಟಿಲೇ ಅಲ್ವಾ? ಕಾಗದದಲ್ಲಿ ನಮಗೆ ಪಾಲಿದೆ.

ಆದ್ರೆ ಒಂದು ಮಾತು. ನಾನು ಒಂದು ಊರಲ್ಲಿ ಇಂಥ ಸಭೆಗೆ ಹೋಗಿದ್ದೆ. 11 ಗಂಟೆಗೆ ಕರೆದರು. ನಾವು ಬೆಳಿಗ್ಗೆ 4 ಗಂಟೆಗೆ ಎದ್ದು ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗಿ ಮಾಲು ತರುವವರು. 11 ಗಂಟೆ ಅಂದ್ರೆ ಗಿರಾಕಿ ಬರುವ ಹೊತ್ತು. ಗಾಡಿ ಪಕ್ಕದವನಿಗೆ ಒಪ್ಪಿಸಿ ಹೋದೆ. ಅವನಿಗೆ ಬಾಳೆಹಣ್ಣಿನ ರೇಟು ಗೊತ್ತು, ದಾಳಿಂಬೆದು ಗೊತ್ತಿಲ್ಲ. ಅವತ್ತು ಲಾಭ ಹೋಯ್ತು. ಮೂರನೇ ಸಭೆಗೆ ನಾನು ಹೋಗಲಿಲ್ಲ. ‘ವ್ಯಾಪಾರಿಗಳ ಪರವಾಗಿ ಯಾರೂ ಬರಲಿಲ್ಲ’ ಅಂತ ಬರೆದುಕೊಂಡಿರುತ್ತಾರೆ. ಬರಲಿಲ್ಲ ಅನ್ನೋದು ನಿಜ. ಯಾಕೆ ಬರಲಿಲ್ಲ ಅಂತ ಬರೆಯೋಕೆ ಜಾಗ ಇದೆಯಾ ನಿಮ್ಮ ಕಾಲಂನಲ್ಲಿ?

ಮೇಡಂ, ನೀವು ಓದೋದಾದ್ರೆ ಇದನ್ನೂ ಓದಿ. ಸಭೆ ಎಷ್ಟು ಗಂಟೆಗೆ, ಯಾವ ವಾರ, ನೋಟಿಸ್ ಎಲ್ಲಿ ಅಂಟಿಸಿದರು. ಮಧ್ಯಾಹ್ನ 2ರಿಂದ 4ರವರೆಗೆ ನಮಗೆ ಬಿಡುವು. ಆ ಹೊತ್ತಿಗೆ ಕರೆದರೆ ನಾವೆಲ್ಲ ಬರ್ತೀವಿ.

---

ಗುಬ್ಬಿಗೇಟ್_ಅಕ್ಕ:

ಅಣ್ಣಾ, ಬರೆದದ್ದು ಬಹಳ ಒಳ್ಳೆಯದಾಯಿತು. ಸಭೆಯ ಹೊತ್ತನ್ನು ನಾನು ನನ್ನ ಪ್ರಬಂಧದಲ್ಲಿ ಅರ್ಧ ಪುಟ ಬರೆದು ಬಿಟ್ಟಿದ್ದೆ. ನಿಮ್ಮ ಮಾತು ಓದಿದ ಮೇಲೆ ಅದು ಒಂದು ಅಧ್ಯಾಯ ಆಗಬೇಕಿತ್ತು ಅನ್ನಿಸುತ್ತೆ.

ಹುಡುಗಿಗೆ ಇನ್ನೊಂದು ಮಾತು. ಬರೆದದ್ದನ್ನು ವಾಪಸ್ ತೆಗೆದುಕೊಂಡು ಹೋಗಿ. ನಾನು ಪ್ರಬಂಧ ಮುಗಿದ ಮೇಲೆ ಎಂಟು ಪುಟದ ಕನ್ನಡ ಪುಸ್ತಿಕೆ ಮಾಡಿ ಆ ಕಾಲೊನಿಗೆ ಕೊಟ್ಟೆ. ಮೂರು ಬೀಜದ ಮನೆಯವಳು ಮಗನಿಂದ ಓದಿಸಿ ಕೇಳಿ, ‘ನಲ್ಲಿ ಎಡಗಡೆ ಅಂತ ಬರೆದಿದ್ದೀಯ, ಅದು ಬಲಗಡೆ ಇರೋದು’ ಅಂದಳು. ಪ್ರಬಂಧದಲ್ಲೂ ಅದೇ ತಪ್ಪಿತ್ತು. ಪರೀಕ್ಷಕರು ಮೂವರು ಓದಿದ್ದರು, ಯಾರಿಗೂ ಕಂಡಿರಲಿಲ್ಲ. ಆಮೇಲೆ ಲೇಖನ ಪ್ರಕಟಿಸುವಾಗ ಸರಿಮಾಡಿದೆ. ಬಡ್ತಿಗೆ ಬೇಕಾದ ಅಂಕ ಇಂಗ್ಲಿಷ್ ಜರ್ನಲ್‌ನಿಂದ ಬರುತ್ತೆ, ಅದನ್ನು ಬರೆಯಲೇಬೇಕು. ಕನ್ನಡದ ಪುಸ್ತಿಕೆಗೆ ಯಾರೂ ಅಂಕ ಕೊಡಲ್ಲ. ಅದನ್ನೂ ಬರೆಯಲೇಬೇಕು.

ಓದುವ ಕಡೆ: ಕೇರಳದ 1996ರ ಜನಯೋಜನೆ ಬಗ್ಗೆ ತಿಳಿದುಕೊಳ್ಳಿ. ರಾಜ್ಯದ ಯೋಜನಾ ಹಣದಲ್ಲಿ ನೂರಕ್ಕೆ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟರು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಿಂದ ಜನರೇ ಕೂತು ಬಜೆಟ್ ತೀರ್ಮಾನಿಸಿದರು. ಎರಡರಲ್ಲೂ ಗಮನಿಸಬೇಕಾದ್ದು ಒಂದೇ, ಮಾತಿನ ಜೊತೆ ದುಡ್ಡೂ ಬಂತು. ನಮ್ಮ ಸಭೆಗಳಲ್ಲಿ ದುಡ್ಡು ಎಷ್ಟು, ಎಲ್ಲಿಗೆ ಅಂತ ಮೊದಲೇ ತೀರ್ಮಾನ ಆಗಿರುತ್ತೆ, ಆಮೇಲೆ ಶಾಮಿಯಾನ ಹಾಕುತ್ತಾರೆ.

ಕೆಲಸ ಪ್ರಾಧ್ಯಾಪಕಿಯದೇ ಆಗಬೇಕು ಅಂತ ಇಲ್ಲ. ಮೈಸೂರಿನ ರಾಜ್ಯ ನಗರಾಭಿವೃದ್ಧಿ ಸಂಸ್ಥೆಯಲ್ಲಿ ಪುರಸಭೆ, ನಗರಸಭೆ ಸಿಬ್ಬಂದಿಗೆ ತರಬೇತಿ ಕೊಡುತ್ತಾರೆ. ಅಂಥ ಕಡೆ ಷರಾ ಕಾಲಂ ಹೇಗೆ ತುಂಬಬೇಕು ಅಂತ ಹೇಳಿಕೊಡುವವರು ಬಂದರೆ, ನೂರು ಲೇಖನಕ್ಕಿಂತ ಜಾಸ್ತಿ ಕೆಲಸ ಆಗುತ್ತೆ ಅಂತ ನನ್ನ ನಂಬಿಕೆ. ಅಪ್ಪನಿಗೆ ಇದನ್ನೂ ಹೇಳಿ.

---

ಉಪ್ಪಾರಹಳ್ಳಿ_ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಉತ್ತರ ಬರೆಯಲಿಲ್ಲ, ಕ್ಷಮಿಸಿ. ಮಧ್ಯೆ ಒಂದು ಭಾನುವಾರ ಆ ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿದ್ದೆ, ಕಂಪನಿ ಕೆಲಸಕ್ಕಲ್ಲ. ಅಜ್ಜಿ ಮನೆ ಹುಡುಕಲು ಕಷ್ಟ ಆಗಲಿಲ್ಲ. ಬೀದಿಯಲ್ಲಿ ‘ಸಭೆಯಲ್ಲಿ ಎದ್ದು ಕೇಳಿದ ಅಜ್ಜಿ’ ಅಂದರೆ ಸಾಕಾಯಿತು.

ನಿಮ್ಮ ಪ್ರಶ್ನೆ ನಾನು ಬರೆದುಕೊಂಡಿದ್ದೆ, ವರದಿಯಲ್ಲಿ ಬರಲಿಲ್ಲ ಅಂತ ನೇರವಾಗಿ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಅವರು ಚಪ್ಪಲಿ ಮೆಟ್ಟಿಕೊಂಡು ‘ಬಾ’ ಅಂದರು. ಕೆರೆ ಏರಿವರೆಗೆ ನಡೆಸಿಕೊಂಡು ಹೋಗಿ, ಅಲ್ಲಿಂದ ಕೋಡಿ ಕಾಲುವೆ ಹೋಗುತ್ತಿದ್ದ ದಾರಿಯನ್ನೇ ಹಿಡಿದು ವಾಪಸ್ ಬಂದರು. ಈಗ ಅಲ್ಲಿ ಮೂರು ಮನೆ, ಒಂದು ಗ್ಯಾರೇಜು, ಒಂದು ಖಾಲಿ ಸೈಟು. ಖಾಲಿ ಸೈಟಿನಲ್ಲಿ ಮಾತ್ರ ಹಳೇ ಕಲ್ಲುಕಟ್ಟಡ ಮೊಣಕಾಲೆತ್ತರ ಉಳಿದಿದೆ. ಅಜ್ಜಿ ಅದರ ಮೇಲೆ ಕೂತು ಸುಧಾರಿಸಿಕೊಂಡರು. ಇದನ್ನೆಲ್ಲ ಓದಿಗೆ ಬರೆದುಕೊಳ್ಳಲಾ ಅಂತ ಕೇಳಿದೆ. ‘ಬರ್ಕೋ, ಈ ಸಲ ಪೂರ್ತಿ ಬರ್ಕೋ’ ಅಂದರು.

ಅಣ್ಣಾ, ನಿಮ್ಮ ಹತ್ತಿರ ಒಂದು ದಿನ ಮಧ್ಯಾಹ್ನ 2 ಗಂಟೆ ಮೇಲೆ ಬರಬಹುದಾ? ಅಕ್ಕಾ, ಪ್ರಸ್ತಾವದ ಕರಡು ಬರೆಯಲು ಶುರು ಮಾಡಿದ್ದೇನೆ. ಹನ್ನೊಂದು ಪುಟ ಆಗಿದೆ. ನೋಡಿಕೊಡ್ತೀರಾ?

---

ಶಿರಾಗೇಟ್_ಹಣ್ಣಿನಗಾಡಿ:

ಬನ್ನಿ ಮೇಡಂ. ಮಂಗಳವಾರ ಬೇಡ, ಬೇರೆ ಯಾವ ದಿನ ಆದರೂ ಸರಿ.

---

ಗುಬ್ಬಿಗೇಟ್_ಅಕ್ಕ:

ಕಳಿಸಿ. ಆದರೆ ಮೂರು ಪುಟಕ್ಕೆ ಇಳಿಸಿ ಕಳಿಸಿ. ಅಜ್ಜಿ ಜೊತೆ ನಡೆದದ್ದನ್ನು ಮಾತ್ರ ಕತ್ತರಿಸಬೇಡಿ.